ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಇಟಾಲಿಯನ್ ಊಟ: ಅಪ್ಪ ಅಮ್ಮನನ್ನು ಕರ್ಕೊಂಡು ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ನನ್ನ ತಂಗಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ವಾರವೇ ಅಪ್ಪಾಜಿ, ಅವ್ವ, ನಾನು ಮೂವರನ್ನೂ ದಾವಣಗೆರೆಯಿಂದ ಕರೆಸಿಕೊಂಡಳು, ಚೆನ್ನಾಗಿರೋ ಒಂದು ಇಟಾಲಿಯನ್ ಹೋಟೆಲ್‌ಗೆ ಕರ್ಕೊಂಡು ಹೋದಳು. ಅವ್ವ ಜೀವನದಲ್ಲಿ ಮೊಟ್ಟೆ ಕೂಡ ಮುಟ್ಟಿದವಳಲ್ಲ. ಅವಳಿಗೆ ಅಂತ ಸೀಸರ್ ಸಲಾಡ್ ತರಿಸಿದೆವು. ಸೊಪ್ಪು ತಾನೇ, ಅದರಲ್ಲೇನು ಅಂದುಕೊಂಡೆವು. ಮೆನುವಿನಲ್ಲಿ ಅದರ ಪಕ್ಕ ಯಾವ ಗುರುತೂ ಇರಲಿಲ್ಲ. ಅವ್ವ ಅರ್ಧ ತಿಂದ ಮೇಲೆ, ಬೇರೆ ಏನೋ ಕೇಳುವಾಗ ವೇಟರ್ ಬಾಯಿಂದ ಗೊತ್ತಾಯಿತು, ಅದರ ಮೇಲೆ ಹಾಕಿದ್ದ ಡ್ರೆಸಿಂಗ್‌ನಲ್ಲಿ ಆಂಚೊವಿ ಇತ್ತು. ಆಂಚೊವಿ ಅಂದರೆ ಉಪ್ಪು ಹಾಕಿ ಇಟ್ಟ ಸಣ್ಣ ಮೀನು. ಅವ್ವ ಏನೂ ಅನ್ನಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ನೀರು ಕುಡಿದಳು. ವಾಪಸ್ ಬರುವಾಗ ರೈಲಿನಲ್ಲಿ ಮಾತೇ ಆಡಲಿಲ್ಲ. ತಂಗಿ ಅವತ್ತು ರಾತ್ರಿ ಫೋನ್ ಮಾಡಿ ಅತ್ತಳು.

ನನಗೆ ಅದು ತುಂಬಾ ದಿನ ಮನಸ್ಸಲ್ಲಿ ಉಳಿಯಿತು. ನಾವು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ದೊಡ್ಡ ಹೋಟೆಲ್, ಮೆತ್ತಗಿನ ದೀಪ, ಗೊತ್ತಿಲ್ಲದ ಹೆಸರು, ಹಂಗಾಗಿ ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಆಮೇಲೆ ನಾನು ಕಲಿತೆ. ಓದಿದೆ, ಬೆಂಗಳೂರಿಗೆ ಹೋದಾಗಲೆಲ್ಲ ಬೇರೆ ಬೇರೆ ಕಡೆ ಕೂತು ತಿಂದೆ, ಅಡುಗೆಯವರನ್ನೇ ಕೇಳಿದೆ. ಈಗ ಅವ್ವ ತಾನೇ ಮೆನು ಕೈಗೆ ತಗೊಂಡು ಏನು ಬೇಕು ಅಂತ ಹೇಳ್ತಾಳೆ. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಮಗನೋ ಮಗಳೋ ಬೆಂಗಳೂರಲ್ಲಿದ್ದಾರೆ. ಅವರೆಲ್ಲ ಒಂದಲ್ಲ ಒಂದು ದಿನ ಅಪ್ಪ ಅಮ್ಮನನ್ನು ಇಂಥ ಕಡೆ ಕರ್ಕೊಂಡು ಹೋಗ್ತಾರೆ. ಅವರಿಗಾಗಿ ಎಲ್ಲ ಒಂದು ಕಡೆ ಬರೆದಿದ್ದೇನೆ.

ಹೆಜ್ಜೆ 1: ಮನೆಯಲ್ಲೇ ಮೆನು ನೋಡಿ

ಇಂದಿರಾನಗರ, ಕೋರಮಂಗಲ, ಲ್ಯಾವೆಲ್ಲೆ ರಸ್ತೆ, ಚರ್ಚ್ ಸ್ಟ್ರೀಟ್, ವೈಟ್‌ಫೀಲ್ಡ್, ಎಲ್ಲ ಕಡೆ ಇಟಾಲಿಯನ್ ಹೋಟೆಲ್‌ಗಳಿವೆ. ಹೆಚ್ಚಿನವರು ಮೆನುವನ್ನು ಫೋಟೋ ಸಮೇತ ಆನ್‌ಲೈನ್‌ನಲ್ಲಿ ಹಾಕಿರ್ತಾರೆ. ಹಿಂದಿನ ದಿನ ರಾತ್ರಿ ಊಟ ಆದ ಮೇಲೆ ಅದನ್ನು ಮೊಬೈಲ್‌ನಲ್ಲಿ ತೆಗೆದು ಅಪ್ಪ ಅಮ್ಮನ ಜೊತೆ ಕೂತು ನೋಡಿ. ಯಾವುದು ಎಂಥದ್ದು ಅಂತ ನಿಧಾನಕ್ಕೆ ಹೇಳಿ. ಅಲ್ಲಿ ಹೋಗಿ ಅವಸರದಲ್ಲಿ ಹೇಳೋದಕ್ಕಿಂತ ಇದು ಎಷ್ಟೋ ವಾಸಿ. ರೇಟ್ ಕೂಡ ಮೊದಲೇ ಗೊತ್ತಾಗುತ್ತೆ. ನಾನು ಹೋದ ಕಡೆಗಳಲ್ಲಿ ಒಂದು ಪಿಜ್ಜಾ ಸಾಮಾನ್ಯವಾಗಿ 500ರಿಂದ 900 ರೂಪಾಯಿ ಇತ್ತು, ಪಾಸ್ತಾನೂ ಹೆಚ್ಚು ಕಡಿಮೆ ಅಷ್ಟೇ. ಮಗಳು ಖರ್ಚು ಮಾಡ್ತಿದ್ದಾಳೆ ಅನ್ನೋ ಸಂಕಟಕ್ಕೆ ನಮ್ಮ ಅಪ್ಪಾಜಿ ಮೆನುವಿನಲ್ಲಿ ಬಲಗಡೆ ಇರೋ ಅಂಕಿ ಮಾತ್ರ ನೋಡ್ತಿದ್ದರು, ಮನೆಯಲ್ಲೇ ಮಾತಾಡಿಕೊಂಡರೆ ಆ ಸಂಕಟ ಅಲ್ಲಿಗೆ ಬರೋದಿಲ್ಲ.

ಬೆಳಗಿನ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರು ಸೇರ್ತೀರಿ. ಆದರೆ ಒಂದು ವಿಷಯ ನೆನಪಿಡಿ. ಇಂಥ ಹೋಟೆಲ್‌ಗಳಲ್ಲಿ ಹಲವು ಮಧ್ಯಾಹ್ನ ಮೂರು, ಮೂರೂವರೆಗೆ ಮುಚ್ಚಿ ಮತ್ತೆ ಸಂಜೆ ಏಳಕ್ಕೆ ತೆಗೀತಾರೆ. ಹಸಿದ ಹೊಟ್ಟೆಯಲ್ಲಿ ಬಾಗಿಲ ಹತ್ತಿರ ನಿಲ್ಲೋದು ಬೇಡ. ಫೋನ್ ಮಾಡಿ ಕೇಳಿಕೊಳ್ಳಿ.

ಹೆಜ್ಜೆ 2: ಟೇಬಲ್ ಬುಕ್ ಮಾಡುವಾಗ

ಶನಿವಾರ, ಭಾನುವಾರ ರಾತ್ರಿ ಬುಕ್ ಮಾಡದೆ ಹೋಗಬೇಡಿ. ವಾರದ ದಿನ ಮಧ್ಯಾಹ್ನ ಹೋದರೆ ಗದ್ದಲ ಕಡಿಮೆ, ವೇಟರ್‌ಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತೆ. ಮೊದಲ ಸಲಕ್ಕೆ ಅದೇ ಒಳ್ಳೇದು.

ಬುಕ್ ಮಾಡುವಾಗಲೇ ಮೂರು ಮಾತು ಹೇಳಿ. ಹಿರಿಯರಿದ್ದಾರೆ, ಎತ್ತರದ ಸ್ಟೂಲ್ ಬೇಡ, ಬೆನ್ನು ಒರಗೋ ಕುರ್ಚಿ ಬೇಕು. ಬಾರ್ ಕೌಂಟರ್‌ನಿಂದ ದೂರದ ಟೇಬಲ್ ಕೊಡಿ. ನಮ್ಮಲ್ಲಿ ಪೂರ್ತಿ ವೆಜ್ ತಿನ್ನುವವರಿದ್ದಾರೆ, ನಿಮ್ಮ ಮೆನುವಿನಲ್ಲಿ ಅವರಿಗೆ ಏನೇನಿದೆ? ಎರಡನೆಯದನ್ನು ಹೇಳಲು ನಾಚಿಕೆ ಬೇಡ. ಪಕ್ಕದ ಟೇಬಲ್‌ನಲ್ಲಿ ವೈನ್ ಬಾಟಲ್ ಇದ್ದರೆ ನಮ್ಮ ಕಡೆಯ ಎಷ್ಟೋ ಅಮ್ಮಂದಿರಿಗೆ ಊಟ ಗಂಟಲಲ್ಲಿ ಇಳಿಯೋದಿಲ್ಲ. ಮೂರನೆಯ ಪ್ರಶ್ನೆಗೆ ಅವರು ಉತ್ತರ ಕೊಡೋ ರೀತಿಯಲ್ಲೇ ಆ ಹೋಟೆಲ್ ಎಂಥದ್ದು ಅಂತ ಗೊತ್ತಾಗುತ್ತೆ. 'ವೆಜ್ ಇದೆ ಬನ್ನಿ' ಅಂತ ಅರ್ಧ ಮಾತಿಗೆ ಮುಗಿಸುವವರಿಗಿಂತ, 'ಮೊಟ್ಟೆ ನಡೆಯುತ್ತಾ, ಇಲ್ವಾ?' ಅಂತ ತಿರುಗಿ ಕೇಳುವವರ ಹತ್ತಿರ ಹೋಗಿ.

ಹೆಜ್ಜೆ 3: ಮೆನು ಓದುವುದು

ಹೆಸರುಗಳಿಗೆ ಹೆದರಬೇಡಿ. ನಿಜ ಹೇಳಬೇಕಂದರೆ ಕನ್ನಡದವರಿಗೆ ಇಟಾಲಿಯನ್ ಹೆಸರು ಹೇಳೋದು ಸುಲಭ. ಅವರ ಮಾತೂ ನಮ್ಮ ಹಾಗೆ ಸ್ವರದಲ್ಲಿ ಮುಗಿಯುತ್ತೆ, ಅವರಿಗೂ ಒತ್ತಕ್ಷರ ಬೇಕು. 'ನ್ಯೊಕ್ಕಿ' ಅನ್ನೋದರ ಕೊನೆಯನ್ನು 'ಅಕ್ಕಿ' ಅಂದ ಹಾಗೇ ಅನ್ನಿ, ಸರಿಯಾಗಿ ಬರುತ್ತೆ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಮಾತ್ರ ಎಡವುತ್ತೇವೆ. ಸುಟ್ಟ ಬ್ರೆಡ್ ಮೇಲೆ ಟೊಮೆಟೊ ಹಾಕಿ ಕೊಡೋ ತಿಂಡಿ 'ಬ್ರುಶೆಟ್ಟಾ' ಅಲ್ಲ, ಬ್ರುಸ್ಕೆಟ್ಟಾ. ಬೆಳ್ಳುಳ್ಳಿ ಎಣ್ಣೆಯ ಪಾಸ್ತಾ 'ಆಲ್ಯೊ ಎ ಓಲ್ಯೊ', ಅದರಲ್ಲಿ 'ಗ' ಸದ್ದೇ ಇಲ್ಲ. ತಪ್ಪು ಹೇಳಿದರೂ ಏನೂ ಆಗಲ್ಲ, ಮೆನು ಮೇಲೆ ಬೆರಳಿಟ್ಟು ತೋರಿಸಿದರೂ ನಡೆಯುತ್ತೆ.

ಮೆನುವಿನಲ್ಲಿ ಒಂದು ಕ್ರಮ ಇರುತ್ತೆ. ಮೊದಲು ಆಂಟಿಪಾಸ್ತಿ, ಅಂದರೆ ಊಟಕ್ಕೆ ಮುಂಚಿನ ಸಣ್ಣ ತಿಂಡಿ. ಆಮೇಲೆ ಪ್ರೀಮಿ, ಅದರಲ್ಲಿ ಪಾಸ್ತಾ, ರಿಸೊಟ್ಟೊ ಬರುತ್ತೆ. ಸೆಕೊಂದಿ ಅಂದರೆ ಹೆಚ್ಚಾಗಿ ಮಾಂಸ, ಮೀನು. ವೆಜ್ ತಿನ್ನುವವರು ಆ ಪುಟ ಬಿಟ್ಟು ಮುಂದೆ ಹೋಗಬಹುದು. ದೋಲ್ಚಿ ಅಂದರೆ ಸಿಹಿ. ಪಿಜ್ಜಾಗೆ ಬೇರೆ ಪುಟ ಇರುತ್ತೆ. ಎಲ್ಲ ಪುಟದಿಂದಲೂ ತರಿಸಬೇಕು ಅಂತೇನಿಲ್ಲ.

ಈಗ ಒಂದೊಂದೇ ನಮ್ಮ ಅಡುಗೆಮನೆಗೆ ತಂದು ನೋಡೋಣ. ಪಾಸ್ತಾ ಯಾವುದರಿಂದ ಮಾಡ್ತಾರೆ? ಡ್ಯೂರಮ್ ಅನ್ನೋ ಗಟ್ಟಿ ಗೋಧಿಯ ರವೆಯಿಂದ. ನಾವು ಉಪ್ಪಿಟ್ಟಿಗೆ ಹಾಕೋ ಬನ್ಸಿ ರವೆ ಕೂಡ ಡ್ಯೂರಮ್ ಗೋಧಿಯದ್ದೇ. ಇದನ್ನು ಹೇಳಿದ ಮೇಲೆ ಅವ್ವನಿಗೆ ಪಾಸ್ತಾ ಪರಕೀಯ ಅನ್ನಿಸಲೇ ಇಲ್ಲ. ಸ್ಪಗೆಟ್ಟಿ ನಮ್ಮ ಶಾವಿಗೆಯ ದಪ್ಪಗಿನ ತಂಗಿ. ರಾವಿಯೋಲಿ ಅಂದರೆ ಒಳಗೆ ಹೂರಣ ತುಂಬಿದ ಚಿಕ್ಕ ಕಡುಬು, ಪಾಲಕ್ ಮತ್ತು ರಿಕೊಟ್ಟಾ ಅನ್ನೋ ಮೆತ್ತನೆ ಚೀಸ್ ತುಂಬಿದ್ದು ಸಾಮಾನ್ಯವಾಗಿ ಸಿಗುತ್ತೆ. ರಿಸೊಟ್ಟೊ ನೋಡೋಕೆ ಬಿಸಿಬೇಳೆ ಬಾತ್ ಹದದಲ್ಲಿ ಇರುತ್ತೆ, ಆರ್ಬೋರಿಯೊದಂಥ ಗುಂಡು ಅಕ್ಕಿಯನ್ನು ತರಕಾರಿನೋ ಮಾಂಸನೋ ಬೇಯಿಸಿ ತೆಗೆದ ಬಿಸಿ ಸಾರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕೈ ಬಿಡದೆ ತಿರುವಿ ಬೇಯಿಸ್ತಾರೆ. ನ್ಯೊಕ್ಕಿ ಆಲೂಗಡ್ಡೆಯ ಮೆತ್ತನೆ ಉಂಡೆ. ಪೊಲೆಂಟಾ ಅಂತ ಕಂಡರೆ ಬಿಡಬೇಡಿ, ಅದು ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯ ಹಾಗೆ ಕಾಯಿಸಿ ಮಾಡಿದ್ದು. ನಮ್ಮ ಜಿಲ್ಲೆಯ ಹೊಲಹೊಲದಲ್ಲೂ ಮೆಕ್ಕೆಜೋಳ ನಿಂತಿರುತ್ತೆ, ನಾವು ಅದನ್ನು ಮಾರಿ ಬಿಡ್ತೇವೆ. ಇಟಲಿಯ ಉತ್ತರ ಭಾಗದ ರೈತರು ಎಷ್ಟೋ ತಲೆಮಾರು ಅದನ್ನೇ ಊಟ ಮಾಡಿದ್ದಾರೆ.

ಬುರ್ರಾಟಾ ಅಂತ ಒಂದು ಬಿಳಿ ಚೀಸ್ ಗಂಟು ಬರುತ್ತೆ. ಹೊರಗೆ ಮೊಝರೆಲ್ಲಾ ಅನ್ನೋ ಚೀಸ್‌ನ ಚೀಲ, ಒಳಗೆ ಕೆನೆ. ಇಟಾಲಿಯನ್‌ನಲ್ಲಿ 'ಬುರ್ರೊ' ಅಂದರೆ ಬೆಣ್ಣೆ, ಆ ಹೆಸರು ಅದರಿಂದಲೇ ಬಂದದ್ದು. ಬೆಣ್ಣೆ ದೋಸೆ ಊರಿನವರು ಒಂದು ಸಲ ತಿನ್ನಲೇಬೇಕು ಅಂತ ನನ್ನ ಆಸೆ.

ಹೆಜ್ಜೆ 4: ವೆಜ್ ಅಂದರೆ ಪೂರ್ತಿ ವೆಜ್ಜಾ? ಇದನ್ನು ಕೇಳಲೇಬೇಕು

ಈ ಭಾಗಕ್ಕೆ ಜಾಸ್ತಿ ಜಾಗ ಕೊಡ್ತಿದ್ದೇನೆ. ನಮ್ಮ ಮನೆಯಲ್ಲಿ ನೋವಾದದ್ದು ಇಲ್ಲೇ.

ಹೆಸರು ನೋಡಿ ವೆಜ್ ಅನ್ನಿಸಿ, ಒಳಗೆ ಬೇರೆ ಇರೋ ಪದಾರ್ಥಗಳು ಹಲವು. ಸೀಸರ್ ಸಲಾಡ್ ಹೇಳಿದೆನಲ್ಲ. ಅದರ ಡ್ರೆಸಿಂಗ್‌ನಲ್ಲಿ ಆಂಚೊವಿ ಜೊತೆ ಹಸಿ ಮೊಟ್ಟೆಯ ಹಳದಿಯೂ ಇರುತ್ತೆ. ಅದು ಇಟಲಿಯದ್ದೂ ಅಲ್ಲ, ಇಟಲಿಯಿಂದ ವಲಸೆ ಬಂದ ಸೀಸರ್ ಕಾರ್ಡಿನಿ ಎಂಬಾತ 1924ರಲ್ಲಿ ಮೆಕ್ಸಿಕೋದ ಟಿಹ್ವಾನಾದ ತನ್ನ ಹೋಟೆಲ್‌ನಲ್ಲಿ ಮಾಡಿದ್ದು ಅಂತ ಹೇಳ್ತಾರೆ. ಪುತ್ತನೆಸ್ಕಾ ಸಾಸ್ ಟೊಮೆಟೊ ಸಾಸ್ ಹಾಗೇ ಕಾಣುತ್ತೆ, ಅದರಲ್ಲೂ ಆಂಚೊವಿ ಹಾಕ್ತಾರೆ. ಕಾರ್ಬೊನಾರಾ ಬಿಳಿ ಸಾಸ್ ಅಂದುಕೊಳ್ಳಬೇಡಿ, ಅದು ಮೊಟ್ಟೆ ಮತ್ತು ಹಂದಿಮಾಂಸ. ಪೆಪ್ಪರೋನಿ ಅಂದರೆ ಕಾಳುಮೆಣಸಲ್ಲ, ಮಾಂಸದ ಸಾಸೇಜ್. ಮಜಾ ಏನಂದರೆ ಇಟಲಿಯವರ ಭಾಷೆಯಲ್ಲಿ 'ಪೆಪೆರೋನಿ' ಅಂದರೆ ದೊಣ್ಣೆ ಮೆಣಸಿನಕಾಯಿ. ಹಂಗಾಗಿ ಆ ಹೆಸರು ಕಂಡರೆ ಯಾವುದು ಅಂತ ಕೇಳಿಯೇ ಬಿಡಿ. ಪ್ರೊಶುಟ್ಟೊ, ಪಂಚೆಟ್ಟಾ, ಸಲಾಮಿ ಇವೆಲ್ಲ ಸಾಮಾನ್ಯವಾಗಿ ಹಂದಿಮಾಂಸದವು.

ಕಣ್ಣಿಗೆ ಕಾಣದ್ದು ಇನ್ನೂ ಇವೆ. ತರಕಾರಿ ರಿಸೊಟ್ಟೊ, ಮಿನೆಸ್ಟ್ರೊನೆ ಸೂಪ್ ಎರಡನ್ನೂ ಕೆಲವು ಕಡೆ ಕೋಳಿ ಸಾರಿನಲ್ಲಿ ಬೇಯಿಸ್ತಾರೆ. ರಿಸೊಟ್ಟೊಗೆ ಶುರುವಿನಲ್ಲೇ ಬಿಳಿ ವೈನ್ ಹಾಕೋದು ವಾಡಿಕೆ. ಬೆಂದರೆ ವೈನ್ ಎಲ್ಲ ಹಾರಿ ಹೋಗುತ್ತೆ ಅಂತ ಹೇಳುವವರಿದ್ದಾರೆ, ಪೂರ್ತಿ ಹೋಗೋದಿಲ್ಲ. ಬೇಡ ಅನ್ನುವವರು ಮೊದಲೇ ಹೇಳಬೇಕು. ಪ್ಯಾಕೆಟ್‌ನಲ್ಲಿ ಬರೋ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ರವೆ, ನೀರು ಅಷ್ಟೇ. ಆದರೆ 'ಫ್ರೆಶ್ ಪಾಸ್ತಾ' ಅಂತ ಹೆಮ್ಮೆಯಿಂದ ಬರೆದಿದ್ದರೆ ಹೆಚ್ಚಾಗಿ ಮೊಟ್ಟೆ ಹಾಕಿ ನಾದಿದ ಹಿಟ್ಟು. ನ್ಯೊಕ್ಕಿಗೂ ಕೆಲವರು ಮೊಟ್ಟೆ ಸೇರಿಸ್ತಾರೆ.

ಚೀಸ್ ವಿಷಯ ನಮ್ಮ ಕಡೆ ತುಂಬಾ ಜನಕ್ಕೆ ಗೊತ್ತಿಲ್ಲ. ಇಂಥ ಚೀಸ್ ಮಾಡುವಾಗ ಹಾಲು ಒಡೆಸಲು ರೆನೆಟ್ ಅನ್ನೋ ವಸ್ತು ಬೇಕು. ಇಟಲಿಯ ಅಸಲಿ ಪಾರ್ಮೆಸಾನ್, ಅಂದರೆ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಎಳೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ ಬಳಸಬೇಕು ಅನ್ನೋದು ಅಲ್ಲಿನ ನಿಯಮ. ಗ್ರಾನಾ ಪದಾನೊ ಚೀಸ್‌ಗೂ ಪ್ರಾಣಿಯ ರೆನೆಟ್ಟೇ. ನಮ್ಮ ದೇಶದಲ್ಲಿ ಮಾಡಿ ಹಸಿರು ಚುಕ್ಕೆ ಹಾಕಿ ಮಾರೋ ಚೀಸ್‌ಗೆ ಪ್ರಾಣಿಯಿಂದ ಬಂದದ್ದಲ್ಲದ ರೆನೆಟ್ ಬಳಸ್ತಾರೆ, ಅದು ನಡೆಯುತ್ತೆ. ಆದ್ದರಿಂದ 'ಪಾರ್ಮೆಸಾನ್ ಯಾವುದು, ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆಯಾ?' ಅಂತ ಕೇಳಿ. ಪೆಸ್ಟೊ ಸಾಸ್‌ನಲ್ಲೂ ಈ ಚೀಸ್ ಇರುತ್ತೆ, ಬರೀ ತುಳಸಿ ಜಾತಿಯ ಬೇಸಿಲ್ ಎಲೆಯ ಚಟ್ನಿ ಅಂದುಕೊಳ್ಳಬೇಡಿ.

ಹೇಗೆ ಕೇಳಬೇಕು? 'ಇದು ವೆಜ್ಜಾ?' ಅಂತ ಕೇಳಿದರೆ ಸಾಲದು. ಹೌದು ಅಂದುಬಿಡ್ತಾರೆ, ಅವರ ಲೆಕ್ಕದಲ್ಲಿ ಸಾರು, ಮೊಟ್ಟೆ ಬರೋದೇ ಇಲ್ಲ. ನಾನು ಈಗ ಹೀಗೆ ಹೇಳ್ತೇನೆ: 'ಅಣ್ಣಾ, ನಮ್ಮ ಅಮ್ಮನಿಗೆ ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಜೆಲಟಿನ್, ವೈನ್ ಈ ಆರೂ ಬೇಡ. ನಾವು ಹೇಳಿದ ಐಟಂಗಳಲ್ಲಿ ಯಾವುದರಲ್ಲಾದರೂ ಇದೆಯಾ ಅಂತ ಅಡುಗೆಮನೆಯಲ್ಲಿ ಕೇಳಿಕೊಂಡು ಬಂದು ಹೇಳಿ.' ಜೆಲಟಿನ್ ಅಂದರೆ ಸಿಹಿ ಗಟ್ಟಿ ಮಾಡಲು ಹಾಕೋ, ಪ್ರಾಣಿಯಿಂದ ಬರೋ ವಸ್ತು. ಕೇಳಿಕೊಂಡು ಬನ್ನಿ ಅನ್ನೋದು ಮುಖ್ಯ. ಬೆಂಗಳೂರಲ್ಲಿ ವೇಟರ್‌ಗಳು ಹೆಚ್ಚಿನವರು ಹೊರ ರಾಜ್ಯದಿಂದ ಬಂದ ಹುಡುಗರು, ಕನ್ನಡ ಬರದೇ ಇರಬಹುದು. ಹಂಗಿದ್ದರೆ ಕನ್ನಡ ಬರುವವರನ್ನು ಕರೆಯಿರಿ ಅಂತ ಮೆಲ್ಲಗೆ ಹೇಳಿ, ಒಬ್ಬರಾದರೂ ಇರ್ತಾರೆ. ಪಿಜ್ಜಾ ಕತ್ತರಿಸೋ ಚಕ್ರ ತೊಳೆದು ಬಳಸಿ ಅಂತಲೂ ಹೇಳಬಹುದು. ಒಳ್ಳೆ ಅಡುಗೆಯವರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಲ್ಲ. ನಾನು ಕೇಳಿದ ಒಂದು ಕಡೆ ಅಡುಗೆಯವರೇ ಹೊರಗೆ ಬಂದು ಅವ್ವನ ಹತ್ತಿರ ನಿಂತು ಒಂದೊಂದೇ ಹೇಳಿದರು, ಅವ್ವ ಆ ದಿನ ಎರಡು ಸಲ ಹಾಕಿಸಿಕೊಂಡು ತಿಂದಳು.

ಹೆಜ್ಜೆ 5: ಏನು, ಎಷ್ಟು ತರಿಸಬೇಕು

ಇಟಲಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ. ನಮಗೆ ಹಂಚಿಕೊಂಡು ತಿಂದರೇ ಊಟ. ಖಾಲಿ ತಟ್ಟೆ ಜಾಸ್ತಿ ಕೊಡಿ ಅಂದರೆ ಕೊಡ್ತಾರೆ. ನಾಲ್ಕು ಜನಕ್ಕೆ ಮೊದಲು ಒಂದು ಬ್ರುಸ್ಕೆಟ್ಟಾ, ಒಂದು ಸೂಪ್, ಒಂದು ಪಿಜ್ಜಾ, ಒಂದು ಪಾಸ್ತಾ ಸಾಕು. ಅದು ಮುಗಿಯುತ್ತಾ ಬಂದಾಗ ಮತ್ತೆ ಹೇಳಿ. ಎಲ್ಲ ಒಟ್ಟಿಗೆ ತರಿಸಿದರೆ ಪಾಸ್ತಾ ಆರಿ ಅಂಟಂಟಾಗುತ್ತೆ, ಆರಿದ ಉಪ್ಪಿಟ್ಟಿನ ಹಾಗೇ.

ಮೊದಲ ಸಲಕ್ಕೆ ಪಿಜ್ಜಾದಲ್ಲಿ ಮಾರ್ಗೆರೀಟಾ ತಗೊಳ್ಳಿ. ಟೊಮೆಟೊ, ಮೊಝರೆಲ್ಲಾ, ಬೇಸಿಲ್, ಅಷ್ಟೇ. ಕೆಂಪು, ಬಿಳಿ, ಹಸಿರು, ಇಟಲಿ ಬಾವುಟದ ಬಣ್ಣ. ಇಟಲಿಯ ರಾಣಿ ಮಾರ್ಗೆರೀಟಾಗೆ 1889ರಲ್ಲಿ ನೇಪಲ್ಸ್‌ನಲ್ಲಿ ಮಾಡಿಕೊಟ್ಟದ್ದರಿಂದ ಈ ಹೆಸರು ಬಂತು ಅನ್ನೋ ಕಥೆ ಇದೆ. ಹೋಟೆಲ್ ಚೆನ್ನಾಗಿದೆಯಾ ಇಲ್ವಾ ಅಂತ ಇದೊಂದರಲ್ಲೇ ಗೊತ್ತಾಗುತ್ತೆ, ಯಾಕಂದರೆ ಇದರಲ್ಲಿ ಮುಚ್ಚಿಡಲು ಏನೂ ಇಲ್ಲ. ನೇಪಲ್ಸ್ ರೀತಿಯ ಪಿಜ್ಜಾವನ್ನು 400 ಡಿಗ್ರಿಗೂ ಮೇಲೆ ಕಾದ ಕಟ್ಟಿಗೆ ಒಲೆಯಲ್ಲಿ ಒಂದು, ಒಂದೂವರೆ ನಿಮಿಷದಲ್ಲಿ ಸುಡ್ತಾರೆ. ಅಂಚಿನಲ್ಲಿ ಕಪ್ಪು ಚುಕ್ಕೆ ಬೀಳುತ್ತೆ. ಅಪ್ಪಾಜಿ ಅದನ್ನು ನೋಡಿ 'ಸೀದು ಹೋಗಿದೆ' ಅಂದಿದ್ದರು. ಸೀದದ್ದಲ್ಲ, ಕೆಂಡದಲ್ಲಿ ಸುಟ್ಟ ರೊಟ್ಟಿಯ ಮೇಲಿನ ಚುಕ್ಕೆಯ ಹಾಗೆ. ನಡುವೆ ಮೆತ್ತಗೆ, ಸ್ವಲ್ಪ ನೀರು ನೀರಾಗಿ ಇರೋದೂ ಸರಿಯೇ.

ಪಾಸ್ತಾ ಸ್ವಲ್ಪ ಗಟ್ಟಿ ಅನ್ನಿಸಬಹುದು. ಹಲ್ಲಿಗೆ ಸಿಗೋ ಹದದಲ್ಲಿ ಇಳಿಸೋದು ಅವರ ಪದ್ಧತಿ, ಅದಕ್ಕೆ 'ಅಲ್ ದೆಂತೆ' ಅಂತಾರೆ. ನಿಮಗೆ ಹಿಡಿಸದಿದ್ದರೆ ಇನ್ನೂ ಸ್ವಲ್ಪ ಬೇಯಿಸಿ ಕೊಡಿ ಅಂತ ಆರ್ಡರ್ ಮಾಡುವಾಗಲೇ ಹೇಳಿ. ಹಲ್ಲಿನ ತೊಂದರೆ ಇರೋ ಹಿರಿಯರಿಗೆ ಪಿಜ್ಜಾ ಅಂಚು ಅಗಿಯೋದು ಕಷ್ಟ, ಅವರಿಗೆ ನ್ಯೊಕ್ಕಿ ಅಥವಾ ರಿಸೊಟ್ಟೊ ಕೊಡಿ. ಚಿಕ್ಕ ಮಕ್ಕಳಿಗೆ ಬೆಣ್ಣೆ ಮಾತ್ರ ಹಾಕಿದ ಪಾಸ್ತಾ ಕೇಳಿದರೆ ಮಾಡಿಕೊಡ್ತಾರೆ.

ಖಾರ? ಮಂಡಕ್ಕಿ ಮಿರ್ಚಿ ತಿಂದು ಬೆಳೆದ ನಮಗೆ ಮೊದಲು ಎಲ್ಲ ಸಪ್ಪೆ ಅನ್ನಿಸುತ್ತೆ. ಆರಾಬ್ಯಾತಾ ಪಾಸ್ತಾ ಕೇಳಿ. ಆ ಪದದ ಅರ್ಥವೇ 'ಸಿಟ್ಟುಗೊಂಡಿದ್ದು', ಒಣಮೆಣಸಿನಕಾಯಿ ಹಾಕಿದ ಟೊಮೆಟೊ ಸಾಸ್. ಇನ್ನೊಂದು ಆಲ್ಯೊ ಎ ಓಲ್ಯೊ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕಾಯಿಸಿ ಸ್ಪಗೆಟ್ಟಿಗೆ ಕಲಸೋದು, ಸಾಸಿವೆ ಕರಿಬೇವು ಬಿಟ್ಟರೆ ನಮ್ಮ ಒಗ್ಗರಣೆಯೇ ಅಲ್ವಾ. ನಮ್ಮ ಅವ್ವನಿಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದು. ಆದರೆ ಚಿಲ್ಲಿ ಫ್ಲೇಕ್ಸ್ ಸುರಿಯೋ ಮೊದಲು ಎರಡು ತುತ್ತು ಹಾಗೇ ತಿನ್ನಿ. ಒಳ್ಳೆ ಟೊಮೆಟೊದ ಸಿಹಿಹುಳಿ ಖಾರದಡಿ ಸಿಕ್ಕರೆ ಮತ್ತೆ ಗೊತ್ತಾಗಲ್ಲ.

ಹೆಜ್ಜೆ 6: ಕೂತು ತಿನ್ನುವಾಗ

ನೀರು ಯಾವುದು ಅಂತ ಕೇಳಿದರೆ 'ಮಾಮೂಲಿ ಫಿಲ್ಟರ್ ನೀರು' ಅನ್ನಿ. ಸ್ಪಾರ್ಕ್ಲಿಂಗ್ ಅಂದರೆ ಸೋಡಾ ಥರದ್ದು, ಅದಕ್ಕೆ ದುಡ್ಡು. ಮೊದಲು ಬ್ರೆಡ್ ತಂದಿಟ್ಟರೆ ಅದು ಬಿಲ್‌ಗೆ ಸೇರುತ್ತಾ ಅಂತ ಕೇಳಿಕೊಳ್ಳಿ. ಜೊತೆಗೆ ತಟ್ಟೆಯಲ್ಲಿ ಆಲಿವ್ ಎಣ್ಣೆ ಕೊಡ್ತಾರೆ, ಬ್ರೆಡ್ ಅದ್ದಿಕೊಂಡು ತಿನ್ನೋದು. ನಾವು ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡು ರೊಟ್ಟಿ ಅದ್ದೋ ಹಾಗೇ.

ಪಿಜ್ಜಾ ಕೈಯಲ್ಲೇ ತಿನ್ನಿ. ಸ್ಪಗೆಟ್ಟಿಗೆ ಫೋರ್ಕ್ ನೆಟ್ಟಗೆ ಹಿಡಿದು ನಾಲ್ಕೇ ಎಳೆ ಹಿಡಿದು ತಟ್ಟೆಯ ಅಂಚಲ್ಲಿ ತಿರುಗಿಸಿ, ಸುತ್ತಿಕೊಳ್ಳುತ್ತೆ. ಜಾಸ್ತಿ ಎಳೆ ಹಿಡಿದರೆ ಅದು ಆಗೋದಿಲ್ಲ. ಅಪ್ಪ ಅಮ್ಮನಿಗೆ ಇದು ಕಿರಿಕಿರಿ ಅನ್ನಿಸಿದರೆ ಕೊಳವೆ ಥರದ ಪೆನ್ನೆ ಅಥವಾ ಸುರುಳಿ ಥರದ ಫುಸಿಲ್ಲಿ ಪಾಸ್ತಾ ತರಿಸಿ, ಚಮಚದಲ್ಲಿ ತಿನ್ನಬಹುದು. ನಮ್ಮ ಅಪ್ಪಾಜಿ ರಿಸೊಟ್ಟೊವನ್ನು ಕೈಯಲ್ಲೇ ತಿಂದರು. ಅವರು ಅರವತ್ತೈದು ವರ್ಷದಿಂದ ಅನ್ನ ತಿಂದ ಕೈ ಅದು. ನಾನೂ ನನ್ನ ತಂಗಿಯೂ ಚಮಚ ಪಕ್ಕಕ್ಕಿಟ್ಟು ಅವರ ಜೊತೆ ಕೈಯಲ್ಲೇ ತಿಂದೆವು.

ಹೆಜ್ಜೆ 7: ಸಿಹಿ ಮತ್ತು ಕಾಫಿ

ಇಲ್ಲೂ ಮೊಟ್ಟೆ ಇದೆ, ಎಚ್ಚರ. ತಿರಮಿಸು ಅಂದರೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕೆನೆಯಂಥ ಚೀಸ್ ಪದರ ಪದರವಾಗಿ ಹಾಕಿದ ಸಿಹಿ. ಅದನ್ನು ಮಾಡೋ ಮೂಲ ಪದ್ಧತಿಯಲ್ಲಿ ಹಸಿ ಮೊಟ್ಟೆ, ಮೊಟ್ಟೆಯ ಬಿಸ್ಕತ್ತು, ಕೆಲವು ಕಡೆ ಮದ್ಯವೂ ಇರುತ್ತೆ. ಎಗ್‌ಲೆಸ್ ಮಾಡುವವರೂ ಇದ್ದಾರೆ, ಕೇಳಿ. ಪನ್ನ ಕೊಟ್ಟಾ ಅಂದರೆ ಕೆನೆಯ ಪಾಯಸ ಗಟ್ಟಿಯಾದ ಹಾಗೆ, ಆದರೆ ಗಟ್ಟಿ ಮಾಡಲು ಹಾಕೋದು ಜೆಲಟಿನ್, ಅದು ಪ್ರಾಣಿಯ ಚರ್ಮ ಮೂಳೆಯಿಂದ ಬರುತ್ತೆ. ಹೆಚ್ಚು ಯೋಚನೆ ಬೇಡ ಅಂದರೆ ಹಣ್ಣಿನ ಸೊರ್ಬೆಟ್ಟೊ, ಐಸ್‌ಕ್ರೀಂ ಥರದ್ದು. ಸಾಮಾನ್ಯವಾಗಿ ಹಣ್ಣು, ನೀರು, ಸಕ್ಕರೆ ಅಷ್ಟೇ.

ಎಸ್ಪ್ರೆಸ್ಸೊ ಎರಡು ಗುಟುಕು ಅಷ್ಟೇ, ಹಾಲಿಲ್ಲ, ಕಹಿ. ಫಿಲ್ಟರ್ ಕಾಫಿ ನಾಲಿಗೆಗೆ ಹಾಲಿನ ನೊರೆ ಹಾಕಿದ ಕಾಪುಚಿನೊ ಹತ್ತಿರ. ನಮ್ಮ ದೇಶದ ಕಾಫಿಯನ್ನು ಹೆಚ್ಚು ಕೊಳ್ಳೋ ದೇಶವೇ ಇಟಲಿ. ಚಿಕ್ಕಮಗಳೂರು, ಕೊಡಗಿನ ಕಾಳು ಅಲ್ಲಿ ಹೋಗಿ ಎಸ್ಪ್ರೆಸ್ಸೊ ಆಗುತ್ತೆ. ಇದನ್ನು ಕೇಳಿ ಅಪ್ಪಾಜಿ ಒಂದು ಕಪ್ ತರಿಸಿಯೇ ಬಿಟ್ಟರು.

ಹೆಜ್ಜೆ 8: ಬಿಲ್

ಬಿಲ್ ಬಂದ ಕೂಡಲೇ ಕಾರ್ಡ್ ಕೊಡಬೇಡಿ, ಒಮ್ಮೆ ಓದಿ. ಸಾಮಾನ್ಯ ಹೋಟೆಲ್‌ನಲ್ಲಿ ಊಟಕ್ಕೆ ಜಿಎಸ್‌ಟಿ 5%, ಅದನ್ನು 2.5 ಮತ್ತು 2.5 ಅಂತ ಎರಡು ಸಾಲಾಗಿ ತೋರಿಸಿರ್ತಾರೆ. ದೊಡ್ಡ ಸ್ಟಾರ್ ಹೋಟೆಲ್ ಒಳಗಿನ ರೆಸ್ಟೋರೆಂಟ್ ಆದರೆ 18% ಇರಬಹುದು. ಸರ್ವಿಸ್ ಚಾರ್ಜ್ ಬೇರೆ. ಅದು ತೆರಿಗೆ ಅಲ್ಲ. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಅದನ್ನು ತಾನಾಗಿ ಬಿಲ್‌ಗೆ ಸೇರಿಸಬಾರದು ಅಂತ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಬೇಡ ಅಂದರೆ ತೆಗೆಯಿರಿ ಅಂತ ಶಾಂತವಾಗಿ ಹೇಳಿ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ನಾನಂತೂ ಅದನ್ನು ತೆಗೆಸಿ, ಅಡುಗೆಮನೆಗೆ ನಾಲ್ಕು ಸಲ ಓಡಾಡಿದ ಹುಡುಗನ ಕೈಗೆ ನೇರವಾಗಿ ಟಿಪ್ಸ್ ಕೊಡ್ತೇನೆ.

ಹೆಜ್ಜೆ 9: ಉಳಿದ ಪಿಜ್ಜಾ

ಉಳಿದರೆ ಕಟ್ಟಿಸಿಕೊಳ್ಳಿ, ದುಡ್ಡು ಕೊಟ್ಟ ಊಟ. ಪಾಸ್ತಾ ಪ್ರಯಾಣಕ್ಕೆ ಆಗಲ್ಲ, ಅಲ್ಲೇ ಮುಗಿಸಿ. ಪಿಜ್ಜಾ ರಾತ್ರಿ ತಂಗಿಯ ಮನೆಯ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಚೆನ್ನಾಗಿಯೇ ಇರುತ್ತೆ. ಮೈಕ್ರೋವೇವ್‌ಗೆ ಇಟ್ಟರೆ ಚರ್ಮದ ಹಾಗಾಗುತ್ತೆ. ದೋಸೆ ಹಂಚು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡು ಇಟ್ಟು, ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಎರಡು ಮೂರು ನಿಮಿಷಕ್ಕೆ ತಳ ಗರಿಗರಿ, ಮೇಲೆ ಚೀಸ್ ಕರಗಿರುತ್ತೆ. ಇದನ್ನು ಕಂಡುಹಿಡಿದದ್ದು ಅವ್ವ. ಕೊನೆಗೆ ಅಂಚಿಗೆ ಒಂದು ಚೂರು ಬೆಣ್ಣೆ ಸವರುತ್ತಾಳೆ.